ಚೋಮನ ಎತ್ತು, ಸರ್ಕಾರದ ಹೊಲ

1

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿಗೆ ಸಿನಿಮಾದವರು ಬಂದಿದ್ದರು. ನಮ್ಮದು ನಂಜನಗೂಡು ಸೀಮೆ. ಮಾರಿಹಬ್ಬದ ಒಂದು ಸೀನು ತೆಗೆಯಬೇಕಿತ್ತಂತೆ. ನಮ್ಮ ತಾತನನ್ನೂ ಸೇರಿಸಿ ಕೇರಿಯ ಎಂಟು ಜನ ತಮಟೆಯವರನ್ನು ಕರೆದರು. ಬೆಳಿಗ್ಗೆ ಏಳರಿಂದ ಹೊತ್ತು ಮುಳುಗುವ ತನಕ ಬಡಿಸಿದರು. ಸಂಜೆ ಲೆಕ್ಕ ಚುಕ್ತಾ ಮಾಡುವಾಗ ಮ್ಯಾನೇಜರು, ತಮಟೆಗೆ ಇಷ್ಟು ಬಾಡಿಗೆ ಅಂತ ಕೊಟ್ಟ. ಬಡಿದವರಿಗೆ? ‘ಬಡಿದವರಿಗೆ ಊಟ ಹಾಕ್ಸಿದ್ದೀವಲ್ಲ’ ಅಂದ. ತಾತ ಮನೆಗೆ ಬಂದು, ‘ನಮಗಿಂತ ಚರ್ಮುಕ್ಕೇ ಬೆಲೆ ಜಾಸ್ತಿ ಕಣ ಮೊಗ’ ಎಂದು ನಕ್ಕಿದ್ದ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಇನ್ನೂ ವಿಚಿತ್ರವಾದ ಸಂಗತಿ ಬೇರೆಯೇ ಇದೆ. ಕೇರಿಯ ಸೀನಿಗೆ ನಮ್ಮ ಕೇರಿ ಅವರಿಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಬೀದಿಯಲ್ಲಿ ಆಶ್ರಯ ಮನೆಗಳಿದ್ದವು. ಒಂದೆರಡು ಮನೆಯ ಮೇಲೆ ಟಿ.ವಿ. ಆಂಟೆನಾ ಇತ್ತು. ಬೀದಿಯ ತುದಿಯಲ್ಲಿ ನೀಲಿ ಕೋಟಿನ ಬಾಬಾಸಾಹೇಬರ ಬೋರ್ಡಿತ್ತು. ‘ಇದು ಕೇರಿ ಥರ ಕಾಣಲ್ಲ’ ಎಂದು ಸ್ಕೂಲಿನ ಹಿಂದಿನ ಬಯಲಲ್ಲಿ ತೆಂಗಿನ ಗರಿಯ ನಾಲ್ಕು ಗುಡಿಸಲು ಎಬ್ಬಿಸಿ, ಅದರ ಮುಂದೆ ಎರಡು ಹಂದಿ ಬಿಟ್ಟು, ಅದನ್ನು ಕೇರಿ ಅಂತ ಮಾಡಿಕೊಂಡರು. ಮುಂದೆ ಆ ಚಿತ್ರ ಟಿ.ವಿ.ಯಲ್ಲಿ ಬಂದ ದಿನ ಬೀದಿಗೆ ಬೀದಿಯೇ ಕೂತು ನೋಡಿತು. ಎಂಟು ಜನರ ಒಂದು ಹಗಲು ಹತ್ತು ಸೆಕೆಂಡಿಗೆ ಮುಗಿದುಹೋಯಿತು. ಆ ಹತ್ತು ಸೆಕೆಂಡಿನಲ್ಲೂ ತಮಟೆಯ ದನಿಯ ಮೇಲೆ ಬೇರಾವುದೋ ಮದ್ದಳೆಯ ದನಿ ಕೂರಿಸಿದ್ದರು. ಅವ್ವ ಕೇಳಿದಳು: ‘ನಮ್ ಕೇರಿ ಎಲ್ಲಿ ಬಂತು?’

ಅದು ಸರ್ಕಾರದ ಸಹಾಯಧನ ಪಡೆದ ಚಿತ್ರವೆಂದು ನನಗೆ ಗೊತ್ತಾದದ್ದು ಎಂ.ಎ. ಓದುವಾಗ. ಅಂದರೆ ನಮ್ಮ ಕೇರಿಯನ್ನು ಪಕ್ಕಕ್ಕಿಟ್ಟು ಸುಳ್ಳು ಕೇರಿ ಕಟ್ಟುವುದಕ್ಕೆ, ಬೆಂಕಿಪೊಟ್ಟಣದಿಂದ ಸೀಮೆಎಣ್ಣೆಯವರೆಗೆ ತೆರಿಗೆ ಕಟ್ಟಿದ ನನ್ನ ತಾತನ ದುಡ್ಡೂ ಸೇರಿತ್ತು. ಅವ್ವನ ಆ ಪ್ರಶ್ನೆಯನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಕೇಳುತ್ತಿದ್ದೇನೆ. ಪ್ರಭುತ್ವದ ನೆರವಿನಿಂದ ಒಂದು ಪ್ರಾದೇಶಿಕ ಚಿತ್ರರಂಗ ಕಟ್ಟುತ್ತೇವೆ ಎನ್ನುವಾಗ, ಆ ‘ಪ್ರದೇಶ’ ಯಾರದು? ಅದರಲ್ಲಿ ಕೇರಿ ಎಲ್ಲಿ ಬರುತ್ತದೆ?

2

ಕನ್ನಡ ಚಿತ್ರರಂಗ ಕನ್ನಡದ ನೆಲದಲ್ಲಿ ಹುಟ್ಟಿದ್ದಲ್ಲ. ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದಲ್ಲಿ. ರಾಜಕುಮಾರ್ ಬೇಡನಾಗಿ ಕಾಣಿಸಿಕೊಂಡ ‘ಬೇಡರ ಕಣ್ಣಪ್ಪ’ (1954) ತಯಾರಾದದ್ದು ಮದರಾಸಿನಲ್ಲಿ. ಸ್ಟುಡಿಯೋ ಅಲ್ಲಿ, ಲ್ಯಾಬು ಅಲ್ಲಿ, ಸಾಲ ಕೊಡುವ ಫೈನಾನ್ಶಿಯರೂ ಅಲ್ಲಿ. ನಮ್ಮ ನಟರು, ತಂತ್ರಜ್ಞರು ಕೋಡಂಬಾಕಂನ ಬಾಡಿಗೆ ಮನೆಗಳಲ್ಲಿದ್ದುಕೊಂಡು ಕನ್ನಡ ಮಾತಾಡಬೇಕಿತ್ತು.

ಇದನ್ನು ಬದಲಿಸಿದ್ದು ಮಾರುಕಟ್ಟೆಯಲ್ಲ, ಸರ್ಕಾರ. 1960ರ ದಶಕದ ಉತ್ತರಾರ್ಧದಲ್ಲಿ ರಾಜ್ಯದೊಳಗೇ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನ ಶುರುವಾಯಿತು. ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೋ ಎದ್ದಿತು. 2017ರಲ್ಲಿ ಜಿ.ಎಸ್.ಟಿ. ಬರುವ ತನಕ ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು. ಡಬ್ಬಿಂಗ್ ಚಿತ್ರಗಳು ಒಳಗೆ ಬಾರದಂತೆ 1960ರ ದಶಕದಿಂದ ಒಂದು ಅಲಿಖಿತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪೆನ್ನುವವರೆಗೂ ಆ ಗೋಡೆ ಗಟ್ಟಿಯಾಗಿಯೇ ನಿಂತಿತ್ತು.

ಸರ್ಕಾರ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿಯಿದೆ. 1940ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತ ಮೈಸೂರಿನ ವಿ.ಕೆ. ಮೂರ್ತಿ, ಮುಂಬಯಿಗೆ ಹೋಗಿ ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಲ್ಲಿ ಬೆಳಕನ್ನು ಮಾತಾಡಿಸಿದರು. ಫಾಲ್ಕೆ ಪ್ರಶಸ್ತಿಯೂ ಅವರಿಗೆ ಬಂತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಸಹಾಯಧನ, ತೆರಿಗೆ ವಿನಾಯಿತಿ, ಹೊರಗಿನವರ ಪೈಪೋಟಿಯಿಂದ ರಕ್ಷಣೆ, ಸರ್ಕಾರಿ ಖರ್ಚಿನ ಶಿಕ್ಷಣ. ಇದಕ್ಕೆ ಬೇರೆ ಕಡೆ ನಾವು ಏನೆಂದು ಕರೆಯುತ್ತೇವೆ? ಮೀಸಲಾತಿ ಎನ್ನುತ್ತೇವೆ. ಹಿಂದಿ, ತಮಿಳು, ತೆಲುಗಿನ ದೊಡ್ಡ ಬಂಡವಾಳದ ಎದುರು ಸೋತು ಹಿಂದುಳಿದ ಒಂದು ಭಾಷೆಯ ಚಿತ್ರರಂಗಕ್ಕೆ ಸರ್ಕಾರ ಕೊಟ್ಟ ಮೀಸಲಾತಿ ಇದು. ನಾನು ಇದನ್ನು ಹಂಗಿಸಲು ಹೇಳುತ್ತಿಲ್ಲ. ಅದು ನ್ಯಾಯವಾದದ್ದೇ. ಆ ಮೀಸಲಾತಿ ಇಲ್ಲದಿದ್ದರೆ ಕನ್ನಡ ಸಿನಿಮಾ ಎಂಬುದು ಕೋಡಂಬಾಕಂನ ಹಿತ್ತಲಲ್ಲೇ ಉಳಿದುಬಿಡುತ್ತಿತ್ತು. ಆದರೆ ಅರವತ್ತು ವರ್ಷ ಮೀಸಲಾತಿಯ ಅನ್ನ ಉಂಡವರು, ಕೇರಿಯ ಹುಡುಗ ಪಾಲು ಕೇಳಿದ ಕೂಡಲೇ ‘ಕಲೆಗೆ ಜಾತಿ ಇಲ್ಲ, ಪ್ರತಿಭೆಗೆ ಮೀಸಲಾತಿ ಸಲ್ಲದು’ ಅಂತಾರಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

3

ಬಿ.ವಿ. ಕಾರಂತರ ‘ಚೋಮನ ದುಡಿ’ (1975) ರಾಷ್ಟ್ರದ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ಚೋಮನಾಗಿ ನಟಿಸಿದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ದೊಡ್ಡ ಚಿತ್ರವೇ. ಆದರೆ ಪ್ರತಿ ಸಲ ನೋಡುವಾಗಲೂ ನನ್ನ ಮನಸ್ಸು ಚೋಮನ ಎತ್ತುಗಳ ಮೇಲೆ ಹೋಗುತ್ತದೆ. ಚೋಮನ ಹತ್ತಿರ ಎತ್ತುಗಳಿವೆ. ಸಾಕಿದ್ದಾನೆ, ಮೈ ತಿಕ್ಕಿದ್ದಾನೆ. ಬೇಸಾಯ ಮಾಡುವ ತಾಕತ್ತಿದೆ, ಆಸೆಯಿದೆ. ಇಲ್ಲದಿರುವುದು ಹೊಲ ಮಾತ್ರ. ಹೊಲ ಕೊಡುವವರಿಗೆ ಅವನ ಜಾತಿ ಅಡ್ಡ ಬರುತ್ತದೆ. ಕೊನೆಗೆ ಅವನು ದುಡಿ ಬಡಿಯುತ್ತ ಸಾಯುತ್ತಾನೆ. ಚಿತ್ರ ಮಾತ್ರ ದಿಲ್ಲಿಗೆ ಹೋಗಿ ಚಿನ್ನ ತರುತ್ತದೆ.

ಕತೆ ಬರೆದವರು, ನಿರ್ದೇಶಿಸಿದವರು ಕೇರಿಯ ಹೊರಗಿನವರು ಎಂಬುದು ನನ್ನ ತಕರಾರಲ್ಲ. ಶಿವರಾಮ ಕಾರಂತರು 1933ರಲ್ಲಿ ಅಷ್ಟು ಬರೆದದ್ದೇ ದೊಡ್ಡದು. ನನ್ನ ತಕರಾರು, 1975 ದಾಟಿ ಐವತ್ತು ವರ್ಷವಾದ ಮೇಲೂ ಚೋಮನ ಮೊಮ್ಮಕ್ಕಳಿಗೆ ಕ್ಯಾಮೆರಾದ ಹಿಂದಿನ ಜಾಗ ಹೊಲದಷ್ಟೇ ದೂರದಲ್ಲಿದೆ ಎಂಬುದು. ಇವತ್ತು ನಮ್ಮ ಹತ್ತಿರ ಎತ್ತುಗಳಿಗೇನೂ ಬರವಿಲ್ಲ. ಕತೆಗಳಿವೆ, ಹಾಡುಗಳಿವೆ, ತಮಟೆಯಿದೆ, ಜೇಬಲ್ಲಿ ಮೊಬೈಲಿದೆ. ಹೊಲ ಯಾವುದು? ಬಂಡವಾಳ, ಆಯ್ಕೆ ಸಮಿತಿ, ಥಿಯೇಟರು.

ಸಹಾಯಧನ ಕೊಡುವ ಕ್ರಮವನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲು ಸಿನಿಮಾ ಮಾಡಿ ಮುಗಿಸಬೇಕು. ಸೆನ್ಸಾರ್ ಸರ್ಟಿಫಿಕೇಟು ಪಡೆಯಬೇಕು. ಆಮೇಲೆ ಅರ್ಜಿ ಹಾಕಬೇಕು. ಸಮಿತಿಯೊಂದು ಕೂತು ನೋಡಿ ಗುಣಮಟ್ಟ ತೀರ್ಮಾನಿಸುತ್ತದೆ. ಈಚಿನ ನೀತಿಯಲ್ಲಿ ವರ್ಷಕ್ಕೆ 125 ಚಿತ್ರಗಳವರೆಗೆ ಈ ಹಣಕ್ಕೆ ಅರ್ಹತೆ ಇತ್ತು. ಸಂಖ್ಯೆ ಸಣ್ಣದೇನಲ್ಲ. ಆದರೆ ಇದು ಬಿತ್ತನೆಗೆ ಕೊಡುವ ಬೀಜವಲ್ಲ, ಬೆಳೆ ಬಂದ ಮೇಲೆ ಬೆಳೆದವನಿಗೆ ಹಾಕುವ ಹಾರ. ಲಕ್ಷಗಟ್ಟಲೆ ದುಡ್ಡು ಮೊದಲೇ ಸುರಿಯಬಲ್ಲವನಿಗೆ, ಅದು ಬರುವ ತನಕ ವರ್ಷಾನುಗಟ್ಟಲೆ ಕಾಯಬಲ್ಲವನಿಗೆ ಮಾತ್ರ ಸಿಗುವ ನೆರವು. ಅಡವಿಡಲು ಅರ್ಧ ಎಕರೆಯೂ ಇಲ್ಲದವನು ಆ ಸಾಲಿನಲ್ಲಿ ನಿಲ್ಲುವುದೇ ಸಾಧ್ಯವಿಲ್ಲ. ಜಾತಿಯ ಹೆಸರೆತ್ತದೆಯೇ ಜಾತಿಯ ಕೆಲಸ ಮಾಡುವ ನಿಯಮಗಳಲ್ಲಿ ಇದೂ ಒಂದು.

ಸಾಹಿತ್ಯಕೃತಿ ಆಧರಿಸಿದ ಚಿತ್ರ, ಐತಿಹಾಸಿಕ ಚಿತ್ರ ಇತ್ಯಾದಿಗಳಿಗೆ ಹೆಚ್ಚಿನ ಉತ್ತೇಜನವಿದೆ. ಒಳ್ಳೆಯದೇ. ಆದರೆ ಯಾವುದು ಸಾಹಿತ್ಯ, ಯಾವುದು ಇತಿಹಾಸ ಎಂದು ಮೊದಲೇ ತೀರ್ಮಾನವಾಗಿರುವ ಸಮಾಜದಲ್ಲಿ ಈ ಉತ್ತೇಜನ ಯಾವ ಬೀದಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳಬೇಕಾಗಿಲ್ಲ.

ಒಂದು ಉದಾಹರಣೆ: ಕವಿ ಸಿದ್ಧಲಿಂಗಯ್ಯನವರನ್ನು ಕನ್ನಡ ಸಿನಿಮಾ ಕರೆಯಲೇ ಇಲ್ಲ ಎನ್ನುವಂತಿಲ್ಲ. ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ (1983) ಚಿತ್ರದಲ್ಲಿ ಅವರ ಗೀತೆಯಿದೆ, ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ಆದರೆ ಸಿನಿಮಾ ಮನೆಯೊಳಗೆ ಕರೆದದ್ದು ಅವರ ಪ್ರೇಮಗೀತೆಯನ್ನು. ಮೆರವಣಿಗೆಗಳಲ್ಲಿ ನಾವು ಗಂಟಲು ಹರಿದುಕೊಂಡು ಹಾಡಿದ ಸಿದ್ಧಲಿಂಗಯ್ಯ ಜಗಲಿಯಾಚೆಯೇ ನಿಂತರು.

ಈಚಿನದು ನೋಡಿ. ‘ಕೆ.ಜಿ.ಎಫ್’ (2018, 2022) ದೇಶ ಗೆದ್ದಿತು. ಕೋಲಾರದ ಚಿನ್ನದ ಗಣಿಯಲ್ಲಿ ಉಸಿರು ಕಳಕೊಂಡವರಲ್ಲಿ ಬಹಳಷ್ಟು ಜನ ದಲಿತರು. ಆ ಚಿತ್ರದಲ್ಲಿ ಅವರು ಮುಖವಿಲ್ಲದ ಗುಂಪು, ಉದ್ಧಾರಕನಿಗಾಗಿ ಕಾಯುವ ಗುಂಪು. ಅದೇ ಗಣಿಯ ಮಣ್ಣಿಗೆ ಹೋದ ದಲಿತ ಪೂರ್ವಿಕರನ್ನು ಕಥಾನಾಯಕರನ್ನಾಗಿಸಿದ್ದು ತಮಿಳಿನ ಪಾ. ರಂಜಿತ್, ‘ತಂಗಲಾನ್’ (2024) ಚಿತ್ರದಲ್ಲಿ. ನೆಲ ನಮ್ಮದು, ಕತೆ ಬೇರೆ ಭಾಷೆಯದಾಯಿತು. ‘ಕಾಂತಾರ’ (2022) ಬಂದಾಗ ಭೂತಕೋಲ ಜಗತ್ತಿಗೇ ಗೊತ್ತಾಯಿತು. ಕೋಲ ಕಟ್ಟುವ ನಲಿಕೆ, ಪಂಬದ, ಪರವ ಮೊದಲಾದವರು ತುಳುನಾಡಿನ ದಲಿತ ಸಮುದಾಯಗಳು. ಅದೇ ವರ್ಷ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಮಾಸಾಶನ ಬೇಡವೆನ್ನುವುದಿಲ್ಲ, ಮುದುಕರಿಗೆ ಅದು ಗಂಜಿ. ಆದರೆ ಲೆಕ್ಕ ಗಮನಿಸಿ: ಕಲೆಯನ್ನು ತೆರೆಗೆ ತರುವ ಉದ್ಯಮಕ್ಕೆ ಸಹಾಯಧನ, ಕಲೆಯನ್ನು ಮೈಮೇಲೆ ಹೊತ್ತವನಿಗೆ ಪಿಂಚಣಿ. ನಮ್ಮೂರ ಮ್ಯಾನೇಜರು ತಮಟೆಗೆ ಬಾಡಿಗೆ ಕೊಟ್ಟು ತಾತನಿಗೆ ಊಟ ಹಾಕಿಸಿದ ಲೆಕ್ಕವೇ ಇದು.

ಇನ್ನು ಡಬ್ಬಿಂಗಿನ ಗೋಡೆ. ಆ ಗೋಡೆ ಬಿದ್ದರೆ ಕನ್ನಡ ಸಂಸ್ಕೃತಿ ಉಳಿಯುವುದಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬನಿದ್ದೆ. 2021ರಲ್ಲಿ ‘ಜೈ ಭೀಮ್’ ಕನ್ನಡದ ದನಿಯಲ್ಲೂ ಬಂತು. ಇರುಳ ಸಮುದಾಯದ ಹೆಂಗಸೊಬ್ಬಳು ಲಾಕಪ್ಪಿನಲ್ಲಿ ಸತ್ತ ಗಂಡನಿಗಾಗಿ ಕೋರ್ಟು ಹತ್ತುವ ಕತೆಯನ್ನು ನನ್ನವ್ವ ಮೊಬೈಲಿನಲ್ಲಿ, ಕನ್ನಡದಲ್ಲಿ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗೋಡೆ ಕಾಪಾಡಿದ ಚಿತ್ರರಂಗ ಅವಳಿಗೆ ಕೊಡದಿದ್ದುದನ್ನು ಗೋಡೆಯ ಬಿರುಕು ಕೊಟ್ಟಿತು. ಕನ್ನಡವೆಂದರೆ ಯಾರನ್ನು ಯಾರಿಂದ ಕಾಪಾಡುವುದು ಎಂಬ ಪ್ರಶ್ನೆ ಅವತ್ತು ನನಗೆ ಎದುರಾಯಿತು.

4

ಕೊಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ಪಕ್ಕದ ಕೇರಳಕ್ಕೆ ಹೋಗಿಬರಬೇಕು. ಅಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ನಿರ್ಮಾಪಕನ ಜಾಗದಲ್ಲಿ ನಿಂತು, ಚಿತ್ರವೊಂದಕ್ಕೆ 1.5 ಕೋಟಿ ರೂಪಾಯಿಯವರೆಗೆ ಕೊಡುವ ಯೋಜನೆಯಿದೆ. 2019ರಲ್ಲಿ ಮಹಿಳಾ ನಿರ್ದೇಶಕರಿಗೆಂದು ಶುರುವಾದದ್ದು ಆಮೇಲೆ ಪರಿಶಿಷ್ಟ ಜಾತಿ, ಪಂಗಡಗಳ ನಿರ್ದೇಶಕರಿಗೂ ವಿಸ್ತರಿಸಿತು. ಮುಗಿಸಿದ ಮೇಲೆ ಕೊಡುವ ಹಣವಲ್ಲ ಇದು, ಮಾಡುವುದಕ್ಕೆ ಕೊಡುವ ಹಣ. ‘ನಿಷಿದ್ಧೋ’, ‘ಬಿ 32 ಮುದಲ್ 44 ವರೆ’ಯಂಥ ಚಿತ್ರಗಳು ಈ ದಾರಿಯಿಂದಲೇ ಬಂದವು. ಎಲ್ಲವೂ ಚೆನ್ನಾಗಿ ನಡೆಯಿತೆಂದಲ್ಲ. ನಿಗಮದ ವಿಳಂಬದ ಬಗ್ಗೆ, ನಡೆಸಿಕೊಂಡ ರೀತಿಯ ಬಗ್ಗೆ ಕೆಲವು ನಿರ್ದೇಶಕಿಯರೇ ಬಹಿರಂಗವಾಗಿ ದೂರಿದರು. ಆದರೂ ತತ್ವ ಸರಿಯಿತ್ತು.

2025ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ಸರ್ಕಾರ ಕರೆದ ಚಲನಚಿತ್ರ ನೀತಿಯ ಸಮಾವೇಶದ ಕೊನೆಯ ದಿನ ಅಡೂರ್ ಗೋಪಾಲಕೃಷ್ಣನ್ ಮಾತಾಡಿದರು. ಪರಿಶಿಷ್ಟರಿಗೆ, ಹೆಂಗಸರಿಗೆ ಹೀಗೆ ಹಣ ಕೊಡುವ ಮೊದಲು ಕನಿಷ್ಠ ಮೂರು ತಿಂಗಳು ತರಬೇತಿ ಕೊಡಬೇಕು, ಒಬ್ಬರಿಗೆ 1.5 ಕೋಟಿಯ ಬದಲು 50 ಲಕ್ಷದಂತೆ ಮೂವರಿಗೆ ಹಂಚಬೇಕು. ಇದು ಜನರ ತೆರಿಗೆ ದುಡ್ಡು ಎಂಬರ್ಥದ ಮಾತು. ಗಾಯಕಿ ಪುಷ್ಪವತಿ ಸಭೆಯಲ್ಲೇ ಎದ್ದು ಪ್ರತಿಭಟಿಸಿದರು. ಸಚಿವರು ಯೋಜನೆಯನ್ನು ಸಮರ್ಥಿಸಿಕೊಂಡರು.

ಅಡೂರ್ ದೊಡ್ಡ ನಿರ್ದೇಶಕರು, ಅವರ ಚಿತ್ರಗಳನ್ನು ನಾನು ಕ್ಲಾಸಿನಲ್ಲಿ ತೋರಿಸುತ್ತೇನೆ. ತರಬೇತಿ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಅಡೂರ್ ಅವರ ಮೊದಲ ಚಿತ್ರ ‘ಸ್ವಯಂವರಂ’ (1972) ಆದದ್ದು ಕೇಂದ್ರ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲದ ನೆರವಿನಿಂದ. ಅವರು ಕಲಿತದ್ದು ಪುಣೆಯ ಸರ್ಕಾರಿ ಸಂಸ್ಥೆಯಲ್ಲಿ. ಅದೂ ಜನರ ದುಡ್ಡೇ. ಮೇಲ್ಜಾತಿಯ ಯುವಕನಿಗೆ ಪ್ರಭುತ್ವ ಹಣ ಕೊಟ್ಟರೆ ಅದಕ್ಕೆ ‘ಹೊಸ ಅಲೆ’ ಎಂಬ ಹೆಸರು. ಕೇರಿಯವನಿಗೆ ಕೊಟ್ಟರೆ ಅದೇ ದುಡ್ಡು ‘ತೆರಿಗೆದಾರರ ಹಣ’ವಾಗಿಬಿಡುತ್ತದೆ. ತೆರಿಗೆ ಕಟ್ಟುವವರಲ್ಲಿ ನಾವಿಲ್ಲವೇನು?

ಈ ಅನುಮಾನಕ್ಕೆ ಬಹಳ ಹಳೆಯ ಬೇರಿದೆ. ಮಲಯಾಳದ ಮೊದಲ ಮೂಕಿ ಚಿತ್ರ ‘ವಿಗತಕುಮಾರನ್’ನಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ ದಲಿತ ಹೆಣ್ಣು ಪಿ.ಕೆ. ರೋಸಿ. ಆ ‘ತಪ್ಪಿಗೆ’ ಮೇಲ್ಜಾತಿಯ ಗಂಡಸರು ಆಕೆಯ ಮೇಲೆ ತಿರುಗಿಬಿದ್ದರು. ಆಕೆ ಊರು ಬಿಟ್ಟು ಓಡಬೇಕಾಯಿತು. ಚಿತ್ರ ಮಾಡಿದ ಜೆ.ಸಿ. ಡೇನಿಯಲ್ ಹೆಸರಿನಲ್ಲಿ ಕೇರಳ ಸರ್ಕಾರ 1992ರಿಂದ ತನ್ನ ಅತ್ಯುನ್ನತ ಚಲನಚಿತ್ರ ಪ್ರಶಸ್ತಿ ಕೊಡುತ್ತ ಬಂದಿದೆ. ರೋಸಿಯ ಹೆಸರನ್ನು ಉಳಿಸಿದ್ದು ಮಾತ್ರ ದಲಿತರು ಮತ್ತು ಹೆಂಗಸರ ಸಂಘಟನೆಗಳು. ಕೊಟ್ಟಾಯಂನಲ್ಲಿ ಕೆ.ಆರ್. ನಾರಾಯಣನ್ ಅವರ ಹೆಸರಿನಲ್ಲಿ ಸರ್ಕಾರವೇ ಸಿನಿಮಾ ಸಂಸ್ಥೆ ಕಟ್ಟಿತು. ಅಲ್ಲೂ 2022ರ ಕೊನೆಯಲ್ಲಿ ಜಾತಿ ತಾರತಮ್ಯದ ವಿರುದ್ಧ ವಿದ್ಯಾರ್ಥಿಗಳು ಮುಷ್ಕರ ಹೂಡಬೇಕಾಯಿತು. 2023ರ ಜನವರಿಯಲ್ಲಿ ನಿರ್ದೇಶಕರು ರಾಜೀನಾಮೆ ಕೊಟ್ಟರು. ದಲಿತ ರಾಷ್ಟ್ರಪತಿಯ ಹೆಸರಿಟ್ಟ ಮಾತ್ರಕ್ಕೆ ಕಟ್ಟಡದ ಒಳಗಿನ ಗಾಳಿ ಬದಲಾಗುವುದಿಲ್ಲ. ನೆರವೊಂದೇ ಸಾಲದು. ನೆರವಿನ ಜತೆ ಅಧಿಕಾರವೂ ಕೈ ಬದಲಾಯಿಸಬೇಕು. ಕೇರಳ ನನಗೆ ಕಲಿಸಿದ್ದು ಇದು.

5

ಇಷ್ಟೆಲ್ಲ ಬೈದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕಲ್ಲ. ದಲಿತ ಚಳವಳಿ ಹಾಡನ್ನು ಕಟ್ಟಿತು, ಬೀದಿ ನಾಟಕ ಕಟ್ಟಿತು, ಕಾವ್ಯವನ್ನೇ ಬದಲಿಸಿತು. ಸಿನಿಮಾವನ್ನು ಮಾತ್ರ ‘ಮೈಮರೆಸುವ ಅಫೀಮು’ ಎಂದು ಬಿಟ್ಟುಬಿಟ್ಟೆವು. ನಮ್ಮ ಅಪ್ಪಂದಿರು ಟೆಂಟಿನಲ್ಲಿ ಮರಳಿನ ಮೇಲೆ ಕೂತು ರಾಜಕುಮಾರ್‌ಗೆ ಶಿಳ್ಳೆ ಹೊಡೆದು ಈ ಉದ್ಯಮ ಸಾಕಿದರು. ಅವರ ಆ ಪ್ರೀತಿಯನ್ನು ನಮ್ಮ ವಿಮರ್ಶೆ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಭೂಮಿ ಕೇಳಿದೆವು, ಹಾಸ್ಟೆಲು ಕೇಳಿದೆವು, ಕ್ಯಾಮೆರಾ ಕೇಳಲಿಲ್ಲ.

ಈಗ ಕೇಳುವ ಕಾಲ. 2025ರ ಮಾರ್ಚಿನ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ, ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒ.ಟಿ.ಟಿ., ಮೈಸೂರಿನಲ್ಲಿ 150 ಎಕರೆ ಜಾಗದಲ್ಲಿ ಖಾಸಗಿ ಸಹಭಾಗಿತ್ವದ 500 ಕೋಟಿ ರೂಪಾಯಿಯ ಚಿತ್ರನಗರಿ ಘೋಷಿಸಿತು. ಚಿತ್ರನಗರಿಗೆ ಗೊತ್ತುಮಾಡಿದ ಇಮ್ಮಾವು ನಮ್ಮ ನಂಜನಗೂಡು ತಾಲ್ಲೂಕೇ, ದೇವನೂರ ಮಹಾದೇವರ ತಾಲ್ಲೂಕು. ಹೊಲ ನಮ್ಮ ಮನೆ ಬಾಗಿಲಿಗೇ ಬಂದಿದೆ. ಅದರಲ್ಲಿ ನಾವು ಮತ್ತೆ ತಮಟೆ ಬಾಡಿಗೆಯವರಾಗುತ್ತೇವೋ, ಬೇಸಾಯಗಾರರಾಗುತ್ತೇವೋ?

ನನ್ನ ಬೇಡಿಕೆಗಳು ಸರಳ. ಒಂದು, ಮುಗಿದ ಚಿತ್ರಕ್ಕೆ ಹಾರ ಹಾಕುವುದರ ಜತೆಗೆ ಮಾಡುವ ಚಿತ್ರಕ್ಕೆ ಬೀಜ ಕೊಡಬೇಕು. ಕತೆಗೆ ಇಷ್ಟು, ಚಿತ್ರೀಕರಣಕ್ಕೆ ಇಷ್ಟು ಎಂದು ಹಂತಹಂತವಾಗಿ. 2013ರ ಪರಿಶಿಷ್ಟ ಜಾತಿ ಉಪಯೋಜನೆ, ಗಿರಿಜನ ಉಪಯೋಜನೆ ಕಾಯ್ದೆ ಜನಸಂಖ್ಯೆಗೆ ತಕ್ಕ ಪಾಲು ಎನ್ನುತ್ತದೆ, ಅಂದರೆ ಶೇ. 24.1. ಚರಂಡಿಗೆ, ರಸ್ತೆಗೆ ಅನ್ವಯವಾಗುವ ನ್ಯಾಯ ಬೆಳ್ಳಿತೆರೆಗೂ ಅನ್ವಯವಾಗಲಿ. ಎರಡು, ಸಿನಿಮಾ ಉದ್ಯಮವೇ ಆದಮೇಲೆ, ಕೈಗಾರಿಕಾ ನಿವೇಶನಗಳಲ್ಲಿ ಪರಿಶಿಷ್ಟರಿಗಿರುವ ಪಾಲು ಚಿತ್ರನಗರಿಯಲ್ಲೂ ಇರಲಿ. ಮೂರು, ಆಯ್ಕೆ ಸಮಿತಿಯಲ್ಲಿ ಕೇರಿಯವರು, ಹೆಂಗಸರು, ಲೈಟು ಹೊರುವ ಕಾರ್ಮಿಕರು ಕೂರಲಿ. ಯಾವ ಚಿತ್ರವನ್ನು ಯಾಕೆ ಬಿಟ್ಟಿರಿ ಎಂದು ಬರೆದು ಹೇಳಲಿ. ನಾಲ್ಕು, ತಾಲ್ಲೂಕು ತಾಲ್ಲೂಕಿನಲ್ಲಿ ಅಂಬೇಡ್ಕರ್ ಭವನಗಳಿವೆ. ಮದುವೆ, ಜಯಂತಿ ಬಿಟ್ಟರೆ ಎಷ್ಟೋ ಕಡೆ ಬೀಗ. ಅಲ್ಲೊಂದು ಪ್ರೊಜೆಕ್ಟರು, ಒಂದು ಪರದೆ ಹಾಕಿ. ಮಲ್ಟಿಪ್ಲೆಕ್ಸಿನ ಕಾಲು ಹಿಡಿಯದೆಯೇ ಒಂದು ಪ್ರದರ್ಶನ ಜಾಲ ತಯಾರಾಗುತ್ತದೆ.

ಎಚ್ಚರಗಳೂ ಇವೆ. ಗುತ್ತಿಗೆಗಳಲ್ಲಿ ನಮ್ಮವನ ಹೆಸರಲ್ಲಿ ಇನ್ನೊಬ್ಬ ಬಿಲ್ಲು ಎತ್ತುವ ಬೇನಾಮಿ ಆಟ ಇಲ್ಲಿಗೂ ಬರುತ್ತದೆ. ಸರ್ಕಾರ ದುಡ್ಡು ಕೊಟ್ಟಿದೆಯೆಂದು ಸರ್ಕಾರ ಮೆಚ್ಚುವ ಪ್ರತಿಮೆ ಅನಾವರಣದ ಸಿನಿಮಾಗಳು ಸಾಲುಗಟ್ಟಬಹುದು. ನಮ್ಮೊಳಗೇ ಮುಂದಿರುವವರು ಎಲ್ಲವನ್ನೂ ಬಾಚಿಕೊಂಡು ಅಲೆಮಾರಿಗಳಿಗೆ, ನಮ್ಮ ಹೆಣ್ಣುಮಕ್ಕಳಿಗೆ ಕೈ ತೋರಿಸಲೂಬಹುದು. ಒಳಮೀಸಲಾತಿಯ ಇಷ್ಟು ವರ್ಷಗಳ ಹೋರಾಟ ಇದನ್ನು ಕಲಿಸಿದೆ. ಹಾಗೆಂದು ಹೊಲವೇ ಬೇಡ ಎನ್ನಲಾದೀತೆ?

ಕೊನೆಗೊಂದು ಮಾತು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ತಾಯಿ ಪೌರಕಾರ್ಮಿಕರು. ಬೆಳಗಿನ ಜಾವ ನಾಲ್ಕೂವರೆಗೆ ಬೀದಿಗಿಳಿಯುವ ತಾಯಿಯ ಹಿಂದೆ ಮೊಬೈಲು ಹಿಡಿದು ನಡೆದು ಹದಿನಾಲ್ಕು ನಿಮಿಷದ ಚಿತ್ರ ಮಾಡಿದಳು. ಅದರಲ್ಲಿ ಮಾತೇ ಇಲ್ಲ. ಪೊರಕೆಯ ಸದ್ದು, ನಾಯಿಯ ಸದ್ದು, ತಾಯಿಯ ಕೆಮ್ಮು. ಯಾವ ಮದ್ದಳೆಯನ್ನೂ ಅದರ ಮೇಲೆ ಕೂರಿಸಿಲ್ಲ. ನೋಡಿದ ಮೇಲೆ ಕ್ಲಾಸು ತುಂಬ ಹೊತ್ತು ಸುಮ್ಮನಿತ್ತು. ಆಮೇಲೆ ಅವಳು ಸ್ಟಾಫ್ ರೂಮಿಗೆ ಬಂದು ಕೇಳಿದಳು:

‘ಸಾರ್, ಇದನ್ನ ದೊಡ್ಡ ಸಿನಿಮಾ ಮಾಡ್ಬೇಕು. ಸಬ್ಸಿಡಿ ಯಾರಿಗೆ ಕೊಡ್ತಾರೆ?’

‘ಸಿನಿಮಾ ಮುಗ್ಸಿದೋರಿಗಮ್ಮ.’

‘ಮುಗ್ಸೋಕೆ ಯಾರು ಕೊಡ್ತಾರೆ ಸಾರ್?’

ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವನ್ನು ಆ ಪ್ರಶ್ನೆಗೆ ಉತ್ತರವೆಂದು ಬರೆದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದವರ ಮುಂದೆ ನಾವೆಲ್ಲ ಸೇರಿ ಕೇಳೋಣ ಅಂತ ಬರೆದಿದ್ದೇನೆ.